ಮನೆಗೆ ಎರಡನೆಯ ಬೆಕ್ಕು

ಅರಸೀಕೆರೆಯ ಸೀಮೆಯಲ್ಲಿ ಬೆಕ್ಕು ಕೇವಲ ಮುದ್ದಿನ ಪ್ರಾಣಿಯಲ್ಲ. ಉಂಡೆ ಕೊಬ್ಬರಿಗಾಗಿ ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿರಿಸುವ ಮನೆಗಳಲ್ಲಿ ಇಲಿಗಳಿಗೆ ಅದೇ ಕಾವಲು. ಆ ಅಟ್ಟವನ್ನು ಅದು ತನ್ನ ರಾಜ್ಯವೆಂದೇ ಬಗೆಯುತ್ತದೆ. ಅಂಥ ಮನೆಗೆ ಮತ್ತೊಂದು ಬೆಕ್ಕನ್ನು ತಂದು ನಡುಮನೆಯಲ್ಲಿ ಬಿಟ್ಟರೆ ಯುದ್ಧವಲ್ಲದೆ ಇನ್ನೇನಾದೀತು?

ಬೆಕ್ಕು ತನ್ನವರನ್ನು ಗುರುತಿಸುವುದು ಕಣ್ಣಿಗಿಂತ ಹೆಚ್ಚಾಗಿ ಮೂಗಿನಿಂದ. ಕಂಬಕ್ಕೆ, ಬಾಗಿಲಿಗೆ ಅದು ಕೆನ್ನೆಯುಜ್ಜುವುದು ಬರಿಯ ಲಲ್ಲೆಯಲ್ಲ. ಕೆನ್ನೆಯ ಗ್ರಂಥಿಗಳ ವಾಸನೆಯಿಂದ ಒತ್ತುವ ಮುದ್ರೆ. ಆದುದರಿಂದ ಪರಿಚಯವೂ ವಾಸನೆಯಿಂದಲೇ ಮೊದಲಾಗಬೇಕು. ಹೊಸತನ್ನು ಪ್ರತ್ಯೇಕ ಕೋಣೆಯಲ್ಲಿರಿಸಿ, ಒಂದರ ಹಾಸುಬಟ್ಟೆಯನ್ನು ಇನ್ನೊಂದರ ಬಳಿಯಿಡಿ. ಮುಚ್ಚಿದ ಬಾಗಿಲಿನ ಎರಡು ಪಕ್ಕಗಳಲ್ಲಿ ಉಣಬಡಿಸಿ. ಗುರುಗುಟ್ಟುವುದು ಅಡಗಿದ ಮೇಲೆ ಬಾಗಿಲನ್ನು ಬೆರಳಗಲ ತೆರೆಯಿರಿ. ಇದಕ್ಕೆ ವಾರಗಳೇ ಹಿಡಿಯಬಹುದು. ಅವಸರಪಟ್ಟರೆ ಒಂದು ಕಾದಾಟದ ಹಗೆ ಬಹುಕಾಲ ಆರದು. ಮನೆ ಬಿಟ್ಟು ಹೋಗುವುದು ಹಳೆಯ ಬೆಕ್ಕೇ ಆದೀತು.

ಹಳೇಬೀಡಿನ ಹೊಯ್ಸಳೇಶ್ವರ ದೇಗುಲದಲ್ಲಿ ಒಂದೇ ಜಗತಿಯ ಮೇಲೆ ಎರಡು ಗರ್ಭಗುಡಿಗಳಿವೆ. ಪ್ರತಿಯೊಂದಕ್ಕೂ ತನ್ನದೇ ನಂದಿಮಂಟಪ. ಮನೆಯಲ್ಲಿಯೂ ಹಾಗೆಯೇ ತಟ್ಟೆಗಳು ಎರಡು, ಮಲಗುವ ಮೂಲೆಗಳು ಎರಡು ಇರಲಿ. ತನ್ನ ಪಾಲನ್ನು ಕಳೆದುಕೊಳ್ಳದ ಹಿರಿಯ ಬೆಕ್ಕು ಕಿರಿಯದನ್ನು ಸಹಿಸಿಕೊಳ್ಳುವುದು ಸುಲಭ. ಮುಂದೆ ಸ್ನೇಹವೂ ಬೆಳೆದರೆ ಅದು ಮನೆಯವರ ಭಾಗ್ಯ.