ಗೊಬ್ಬರಕ್ಕೆ ರೊಕ್ಕ ಹಾಕೋ ಮುಂಚೆ ಸಸಿ ಎಣಿಸಿ

ಕಾಲುವೆಗೆ ನೀರು ಬಿಟ್ಟರೆ ಸಾಕು, ದೇವದುರ್ಗದ ಕಡೆಯಿಂದ ಬೆಂಗಳೂರಿನ ನಮ್ಮಂಥವರಿಗೆ ಫೋನು ಶುರು: "ತಮ್ಮಾ, ಗೊಬ್ಬರಕ್ಕ ಒಂದಿಷ್ಟು ರೊಕ್ಕ ಹಾಕು." ಹಾಕ್ತೀವಿ. ಆದರೆ ಆ ರೊಕ್ಕ ಭತ್ತವಾಗಿ ವಾಪಸ್ ಬರುತ್ತಾ ಅನ್ನೋದು ಚೀಲಗಳ ಲೆಕ್ಕಕ್ಕಿಂತ ಮೊದಲು ನಾಟಿಯಲ್ಲೇ ತೀರ್ಮಾನವಾಗಿರುತ್ತೆ.

ಬಿಳಿಜೋಳದ ಈ ಸೀಮೆಗೆ ನಾರಾಯಣಪುರ ಬಲದಂಡೆ ಕಾಲುವೆ ಭತ್ತ ತಂದಿತು. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ. ನಾಟಿ ಈಗ ಹೆಚ್ಚಾಗಿ ಎಕರೆ ಲೆಕ್ಕದ ಗುತ್ತಿಗೆ. ಬೇಗ ಮುಗಿಸಿದಷ್ಟೂ ಲಾಭ, ಹಾಗಾಗಿ ಸಸಿ ದೂರ ದೂರ ಬೀಳುತ್ತೆ. 20×15 ಸೆಂ.ಮೀ. ಅಂತರದಲ್ಲಿ ಹಚ್ಚಿದರೆ ಒಂದು ಚದರ ಮೀಟರಿಗೆ 33 ಗುಣಿ ಬರಬೇಕು. 22 ಇದ್ದರೆ ಮೂರನೇ ಒಂದು ಪಾಲು ಗದ್ದೆ ಖಾಲಿ ಬಿಟ್ಟಂತೆ.

ನಮ್ಮ ಕಾಕಾನ ಉತ್ತರ ಸಿದ್ಧ: "ತೆಳುವಾದ್ರೇನಾತು, ಇನ್ನೊಂದು ಚೀಲ ಯೂರಿಯಾ ಹೊಡದ್ರ ತುಂಬಕೊಂತೈತಿ." ತುಂಬಿಕೊಳ್ಳೋದೇನೋ ನಿಜ, ಆದರೆ ತಡವಾಗಿ ಒಡೆದ ತೆಂಡೆಗಳಲ್ಲಿ ತೆನೆ ಬಾರದು, ಬಂದರೂ ಜೊಳ್ಳೇ ಹೆಚ್ಚು. ಕಾಳು ಒಂದೇ ಸಮ ಬಲಿಯೋದಿಲ್ಲ. ಯೂರಿಯಾ ಅತಿಯಾದರೆ ಎಲೆ ಮೆತ್ತಗಾಗಿ ಬೆಂಕಿ ರೋಗ, ಕಂದು ಜಿಗಿಹುಳು ಬರ್ತವೆ. ಬಿಪಿಟಿ 5204ಕ್ಕೆ ಬೆಂಕಿ ರೋಗದ ಕಾಟ ಮೊದಲೇ ಜಾಸ್ತಿ. ಗಾಳಿ ಮಳೆಗೆ ಬೆಳೆ ನೆಲಕ್ಕೆ ಬೀಳುತ್ತೆ. ಆಮೇಲೆ ಔಷಧಿ ಅಂಗಡಿಯ ಉದ್ರಿ. ಲೀಸಿಗೆ ಗದ್ದೆ ಮಾಡಿದವರಿಗಂತೂ ಇಳುವರಿ ಕಡಿಮೆಯಾದರೂ ಲೀಸು ಕಡಿಮೆಯಾಗಲ್ಲ.

ಹಾಗಂತ ಒತ್ತೊತ್ತಾಗಿ ಹಚ್ಚೋದೂ ಪರಿಹಾರವಲ್ಲ. ಬುಡಕ್ಕೆ ಗಾಳಿ ಬೆಳಕು ಇಲ್ಲದಿದ್ದರೆ ಜಿಗಿಹುಳುವಿಗೆ ಅದೇ ಮನೆ. ಎರಡು ಮೂರು ಮೀಟರಿಗೊಮ್ಮೆ ಒಂದಡಿ ಕಾಲುದಾರಿ ಬಿಡಬೇಕು.

ಗೊಬ್ಬರದ ಲೆಕ್ಕ ನೋಡಿ. ನೀರಾವರಿ ಭತ್ತಕ್ಕೆ ನಮ್ಮ ಭಾಗದ ಶಿಫಾರಸು ಹೆಕ್ಟೇರಿಗೆ ಸಾರಜನಕ 150, ರಂಜಕ 75, ಪೊಟ್ಯಾಷ್ 75 ಕೆ.ಜಿ. ಎಕರೆಗೆ ಇಳಿಸಿದರೆ ಡಿಎಪಿ ಸುಮಾರು 65 ಕೆ.ಜಿ., ಎಂಒಪಿ 50 ಕೆ.ಜಿ., ಯೂರಿಯಾ 105 ಕೆ.ಜಿ. ಅಂದ್ರೆ 45 ಕೆ.ಜಿ. ಚೀಲದಲ್ಲಿ ಎರಡೂಕಾಲಕ್ಕೆ ತುಸು ಜಾಸ್ತಿ, ಅಷ್ಟೇ. ಸಬ್ಸಿಡಿಯಿಂದ ಯೂರಿಯಾ ಚೀಲ 270 ರೂಪಾಯಿಯೊಳಗೆ ಸಿಗುತ್ತೆ, ಡಿಎಪಿ ಸಾವಿರದ ಮೇಲೆ. ಕೈ ಯೂರಿಯಾದ ಕಡೆಗೇ ಹೋಗೋದು ಅದಕ್ಕೇ.

ಸಾರಜನಕದಲ್ಲಿ ಅರ್ಧ ನಾಟಿಗೆ, ಕಾಲು ಭಾಗ ತೆಂಡೆ ಒಡೆಯುವಾಗ, ಉಳಿದ ಕಾಲು ತೆನೆ ಕಟ್ಟುವ ಮುಂಚೆ. ಗದ್ದೆ ತುಂಬ ನೀರು ನಿಂತಾಗ ಎರಚಿದರೆ ಬಹಳಷ್ಟು ಗಾಳಿಗೆ ಹೋಗುತ್ತೆ. ನೀರು ಇಳಿಸಿ ಹಾಕಬೇಕು.

ನಾನು ಕಾಕಾನಿಗೆ ಹೇಳೋದಿಷ್ಟು: ನಾಟಿ ದಿನವೇ ಬದುವಿನ ಮೇಲೆ ನಿಂತು ಒಂದು ಮೀಟರ್ ಉದ್ದಗಲದಲ್ಲಿ ಗುಣಿ ಎಣಿಸು, ನಾಲ್ಕು ಕಡೆ. ಕಡಿಮೆ ಇದ್ದರೆ ಆಳುಗಳು ಗದ್ದೆಯಲ್ಲಿರುವಾಗಲೇ ಹೇಳು. ಬೇಕಾದರೆ ಎಕರೆಗೆ ನೂರಿನ್ನೂರು ಹೆಚ್ಚು ಕೊಡು. ಆ ರೊಕ್ಕ ನಾನೇ ಹಾಕ್ತೀನಿ. ಮಣ್ಣು ಪರೀಕ್ಷೆಗೆ ರೈತ ಸಂಪರ್ಕ ಕೇಂದ್ರ ಹೋಬಳಿಯಲ್ಲೇ ಇದೆ. ನೀವೂ ಈ ಸಲ ಊರಿಗೆ ಫೋನ್ ಮಾಡಿದಾಗ "ಎಷ್ಟು ಚೀಲ ಬೇಕು" ಅನ್ನೋ ಮೊದಲು "ಮೀಟರಿಗೆ ಎಷ್ಟು ಗುಣಿ ಬಂದಾವು" ಅಂತ ಕೇಳಿ ನೋಡಿ.