ಹಳೆಯ ರೈಫಲ್ಲಿಗೆ ಕೈತುಂಬಿದ ತೋಟಾ

ನಮ್ಮ ಪೊಲೀಸರ ಹೆಗಲಮೇಲೆ ತಾವು ಕಂಡಿರಬಹುದಾದ ಲೀ-ಎನ್‌ಫೀಲ್ಡ್ ರೈಫಲ್ಲು 1895ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬಂದಿತು. ಇಂಗ್ಲೆಂಡು, ಆಸ್ಟ್ರೇಲಿಯಗಳ ಗುರಿಕಾರರು ಇಂದಿಗೂ ಅದಕ್ಕೆ ಕೈಯಾರೆ ತೋಟಾ ತುಂಬುವುದುಂಟು. .303 ಎಂಬುದು ನಳಿಗೆಯ ಏಣುಗಳ ನಡುವಣ ಅಳತೆ. ಗುಂಡಿನ ಅಡ್ಡಗಲವೋ ಸುಮಾರು.311 ಅಂಗುಲ. ಸವೆದ ನಳಿಗೆಯಲ್ಲಿ ಗುಂಡು ಸಡಿಲವಾದರೆ ಗುರಿ ಚದರುತ್ತದೆ. ಆದುದರಿಂದ ಮೊದಲು ನಳಿಗೆಯನ್ನು ಅಳೆಯಬೇಕು.

ಕೆಸರು ಮೆತ್ತಿದ ತೋಟಾವೂ ಸೇರಲೆಂದು ಅದರ ಗೂಡನ್ನು ಸಡಿಲವಾಗಿಯೇ ಕೊರೆದಿದ್ದರು. ಹೀಗಾಗಿ ಹಿತ್ತಾಳೆಯ ಕೊಳವೆ ಹಾರಿಸಿದಾಗ ಹಿಗ್ಗುತ್ತದೆ. ಪ್ರತಿ ಸಲವೂ ಇಡೀ ಕೊಳವೆಯನ್ನು ಕುಗ್ಗಿಸುತ್ತ ಹೋದರೆ ಬುಡದ ಬಳಿ ತೆಳುವಾಗಿ ಸೀಳೀತು. ಬಿಸಿಗಾಳಿ ಹೊಡೆಯುವವನ ಮುಖಕ್ಕೇ ನುಗ್ಗೀತು! ಬಲ್ಲವರು ಕತ್ತನ್ನು ಮಾತ್ರ ಒತ್ತಿ, ಆ ಕೊಳವೆಯನ್ನು ಅದೇ ರೈಫಲ್ಲಿಗೆ ಮೀಸಲಿಡುತ್ತಾರೆ. ಮದ್ದನ್ನು ಚಿನಿವಾರನಂತೆ ತೂಗಿ, ಕಡಮೆಯಿಂದ ಮೊದಲುಮಾಡಿ, ಗುಂಡುಗಳು ಒತ್ತಾಗಿ ಬಿದ್ದಲ್ಲಿಗೆ ನಿಲ್ಲಿಸುತ್ತಾರೆ.