‘ಮೈಸೂರು’ ನೌಕೆಯ ಸೇವಾಚರಿತ್ರೆ

ಕೆರೆ ತುಂಬಿದ ವರ್ಷವನ್ನೇ ಸುಭಿಕ್ಷವೆಂದು ಎಣಿಸುವ ತಾವರಗೇರಾದ ಜನರಿಗೆ ಸಮುದ್ರದ ವಾರ್ತೆ ಏತಕ್ಕೆ ಎಂದು ಕೆಲವು ವಾಚಕರು ಕೇಳಬಹುದು. ಆದರೆ ನಮ್ಮ ರಾಜ್ಯದ ಹೆಸರನ್ನು ಹೊತ್ತು 28 ವರ್ಷ ಭಾರತದ ಕಡಲನ್ನು ಕಾಯ್ದ ಹಡಗೊಂದರ ವೃತ್ತಾಂತವು ನಮಗೂ ಸಂಬಂಧಪಟ್ಟುದೇ ಆಗಿದೆ.

1956ನೆಯ ಇಸವಿಯ ನವೆಂಬರ್ 1ರಂದು ಹೈದರಾಬಾದು ರಾಜ್ಯದ ಕನ್ನಡ ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯದಲ್ಲಿ ಕೂಡಿದವು. ಆಗ ರಾಯಚೂರು ಜಿಲ್ಲೆಗೆ ಸೇರಿದ್ದ ನಮ್ಮ ಕುಷ್ಟಗಿ ತಾಲೂಕೂ ಅವುಗಳೊಡನೆ ಬಂದಿತು. ಅದಾಗಿ ಹತ್ತು ತಿಂಗಳು ತುಂಬುವ ಮೊದಲೇ, 1957ರ ಆಗಸ್ಟ್ 29ರಂದು, ಇಂಗ್ಲೆಂಡಿನ ಬರ್ಕನ್‌ಹೆಡ್ ಬಂದರಿನಲ್ಲಿ ಒಂದು ಕ್ರೂಸರ್ ಯುದ್ಧನೌಕೆಯು ‘ಮೈಸೂರು’ ಎಂಬ ನಾಮಧೇಯದಿಂದ ಭಾರತೀಯ ನೌಕಾಸೈನ್ಯವನ್ನು ಸೇರಿತು. ನಾವು ಆ ಹೆಸರಿಗೆ ಹೊಸಬರಾಗಿದ್ದಂತೆ ಆ ಹಡಗೂ ಹೊಸದಾಗಿತ್ತು.

ಹೆಸರು ಹೊಸದಾದರೂ ಹಡಗು ಹಳೆಯದು. 1940ರಲ್ಲಿ ‘ನೈಜೀರಿಯಾ’ ಎಂಬ ಹೆಸರಿನಿಂದ ಅದು ಬ್ರಿಟಿಷರ ಸೇವೆಗೆ ಬಂದಿದ್ದಿತು. ಅದರ ದೊಡ್ಡ ಗಾಯವು ಸರಕಿನ ಕಾವಲಿನಲ್ಲಿಯೇ ಆದುದು ಗಮನಾರ್ಹವಾಗಿದೆ. 1942ರ ಆಗಸ್ಟಿನಲ್ಲಿ ಮುತ್ತಿಗೆಗೆ ಸಿಕ್ಕ ಮಾಲ್ಟಾ ದ್ವೀಪದಲ್ಲಿ ಆಹಾರವೂ ಎಣ್ಣೆಯೂ ತೀರುತ್ತ ಬಂದಿದ್ದವು. ಅವನ್ನು ಮುಟ್ಟಿಸಲು 14 ಸರಕಿನ ಹಡಗುಗಳು ಹೊರಟವು. ಬೆಂಗಾವಲಾಗಿ ಹೋದ ‘ನೈಜೀರಿಯಾ’ಕ್ಕೆ 12ನೆಯ ತಾರೀಖಿನಂದು ‘ಆಕ್ಸಮ್’ ಎಂಬ ಇಟಲಿಯ ಜಲಾಂತರ್ಗಾಮಿಯ ಟಾರ್ಪಿಡೊ ತಗುಲಿ 52 ಮಂದಿ ಮಡಿದರು. ಅದೇ ಹೊಡೆತದ ಸರಣಿಯು ‘ಕೈರೊ’ ಎಂಬ ನೌಕೆಯನ್ನೂ ‘ಓಹಾಯೊ’ ಎಂಬ ಎಣ್ಣೆಯ ಹಡಗನ್ನೂ ತಾಗಿತು. ಕೊನೆಗೆ ಮಾಲ್ಟಾವನ್ನು ಮುಟ್ಟಿದ ಸರಕಿನ ಹಡಗುಗಳು ಐದೇ. ಅವುಗಳಲ್ಲಿ ಕೊನೆಯದಾಗಿ ಬಂದುದು ಆ ಒಡೆದ ‘ಓಹಾಯೊ’. ಆ ಐದರಿಂದ ದ್ವೀಪವು ಉಳಿಯಿತು.

ಜೋಳದ ಹೊಲದ ಮಂಚಿಗೆಯ ಮೇಲೆ ಕವಣೆ ಹಿಡಿದು ನಿಂತವನ ಶೌರ್ಯವನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಮನೆಯನ್ನು ಸಾಕುವುದು ಕಾಳು. ಸಮುದ್ರದ ಯುದ್ಧದ ಮರ್ಮವೂ ಇಷ್ಟೇ. ಸರಕು ಹೊತ್ತ ನಾವಿಕನಿಗೆ ಪದಕವೂ ಕಡಿಮೆ, ಇತಿಹಾಸದಲ್ಲಿ ಸ್ಥಳವೂ ಕಡಿಮೆ.

ಅಮೆರಿಕದಲ್ಲಿ ದುರಸ್ತಿಯಾದ ಈ ನೌಕೆಯನ್ನು ಭಾರತವು ಮುಂದೆ ಕೊಂಡುಕೊಂಡಿತು. 1971ರ ಯುದ್ಧದಲ್ಲಿ ಪಶ್ಚಿಮ ನೌಕಾಪಡೆಯ ಧ್ವಜವು ಹಾರುತ್ತಿದ್ದುದು ಇದರ ಮೇಲೆಯೇ. 1973ರಲ್ಲಿ ರಾಜ್ಯವು ಕರ್ನಾಟಕವಾಯಿತು. ಹಡಗು ಮಾತ್ರ ಹಳೆಯ ಹೆಸರಿನಲ್ಲಿಯೇ ದುಡಿದು 1985ರ ಆಗಸ್ಟ್ 20ರಂದು ನಿವೃತ್ತವಾಯಿತು. ಬಳಿಕ ಅದನ್ನು ಒಡೆದು ಕಬ್ಬಿಣವನ್ನಾಗಿ ಮಾರಲಾಯಿತು. 1999ರ ಜೂನ್ 2ರಂದು ಮುಂಬಯಿಯಲ್ಲಿಯೇ ಕಟ್ಟಿದ ಎರಡನೆಯ ‘ಮೈಸೂರು’ ಗಂಡಭೇರುಂಡ ಲಾಂಛನದೊಡನೆ ಸೇವೆಗೆ ಬಂದಿದೆ.

ಕಾರವಾರದ ಕಡಲತೀರದಲ್ಲಿ ‘ಚಪಲ್’ ಎಂಬ ಕ್ಷಿಪಣಿ ದೋಣಿಯನ್ನು 2006ರಿಂದ ಜನರ ದರ್ಶನಕ್ಕೆ ಇಡಲಾಗಿದೆ. ಅಲ್ಲಿಯೇ ಮೊದಲನೆಯ ‘ಮೈಸೂರಿ’ನ ಚರಿತ್ರೆಯನ್ನೂ, ಅದು ಕಾಯ್ದ ಸರಕಿನ ಹಡಗುಗಳ ಹೆಸರನ್ನೂ ಕನ್ನಡದಲ್ಲಿ ಕೆತ್ತಿಸಿ ನಿಲ್ಲಿಸಬೇಕೆಂದು ಸರಕಾರವನ್ನು ನಾವು ಆಗ್ರಹಪೂರ್ವಕ ಕೇಳುತ್ತೇವೆ. ಇದಕ್ಕೆ ಬೇಕಾದುದು ಒಂದು ಕಲ್ಲು ಮತ್ತು ಸ್ವಲ್ಪ ಕೃತಜ್ಞತೆ.